ಶಾಲೆಯ ಚಿಕ್ಕ ಗೇಟಿನಿಂದ ಅಳೆದ ದೂರ

ಕಿನ್ನಾಳ ಎಂದರೆ ನಾಡಿನ ಜನಕ್ಕೆ ಬಣ್ಣದ ಗೊಂಬೆಗಳ ಊರು. ಇಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕಪುಸ್ತಕ ಬರೆಯುತ್ತ ಬಂದ ನನಗೆ ಸುತ್ತಲಿನ ಮನೆಗಳ ಇನ್ನೊಂದು ಮುಖವೂ ಗೊತ್ತು. ಯಾವ ಮನೆಯ ದುಡಿಮೆ ಎಲ್ಲಿಗೆ ಹರಿದುಹೋಗುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ವಾರದ ಉಳಿತಾಯದ ಕಾಲಂ ನೋಡಿದರೆ ಸಾಕು. ಹಾಗಾಗಿ ತಾಲ್ಲೂಕಿನ ಇನ್ನೊಂದು ಊರಿನ ಹೆಣ್ಣುಮಕ್ಕಳು ಬಂದು, "ಸಾಲಿ ಹತ್ರ ಬ್ರಾಂದಿ ಅಂಗಡಿ ಬರಾಕತ್ತೈತ್ರಿ ಅಕ್ಕಾರ, ಒಂದು ಅರ್ಜಿ ಬರ್ದು ಕೊಡ್ರಿ" ಎಂದಾಗ ಆಗುವುದಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಆ ಅರ್ಜಿಯ ಬೆನ್ನು ಹತ್ತಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ತಿಳಿದದ್ದು, ಬರುತ್ತಿರುವ ಅಂಗಡಿ ಹೊಸದಲ್ಲ ಎಂಬುದು. ಕರ್ನಾಟಕದಲ್ಲಿ 1992ರಿಂದೀಚೆಗೆ ವೈನ್ ಶಾಪ್‌ಗಳಿಗೆ, ಬಾರ್‌ಗಳಿಗೆ ಹೊಸ ಪರವಾನಗಿ ಕೊಡುವುದನ್ನು ಸರ್ಕಾರ ನಿಲ್ಲಿಸಿತ್ತು. ಆದರೂ ಊರೂರಲ್ಲಿ ಹೊಸ ಬೋರ್ಡು ಕಾಣುವುದು ಹಳೆಯ ಪರವಾನಗಿಗಳು ಕೈಯಿಂದ ಕೈಗೆ, ಜಾಗದಿಂದ ಜಾಗಕ್ಕೆ ಹೋಗುವುದರಿಂದ. ಸರ್ಕಾರದ್ದೇ ಸಂಸ್ಥೆಯಾದ ಎಂಎಸ್‌ಐಎಲ್‌ನ ಮಳಿಗೆಗಳಿಗೆ ಸಿಎಲ್-11ಸಿ ಎಂಬ ಬೇರೆಯೇ ದಾರಿ ಇದೆ. ಉಳಿದಂತೆ ಸಿಎಲ್-2 ಬಾಟಲಿ ಕೊಂಡೊಯ್ಯುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-7 ವಸತಿಗೃಹದ್ದು, ಸಿಎಲ್-9 ಬಾರ್‌ನದು. ಆ ಊರಿಗೆ ಬರುತ್ತಿದ್ದದ್ದು ಸಿಎಲ್-2, ಅದೂ ಸ್ಥಳಾಂತರದ ಮೇಲೆ. ಹಾಗಾಗಿ "ಹೊಸ ಅಂಗಡಿ ಬೇಡ" ಎಂದು ಬರೆದರೆ ಕಡತದಲ್ಲಿ ಅದಕ್ಕೆ ಜಾಗವೇ ಇರುತ್ತಿರಲಿಲ್ಲ. "ಈ ಜಾಗಕ್ಕೆ ಸ್ಥಳಾಂತರ ಬೇಡ, ಕಾರಣ ಇಂಥದ್ದು" ಎಂದು ಬರೆಯಬೇಕಿತ್ತು.

ಕಾರಣ 1967ರ ನಿಯಮಗಳಲ್ಲಿತ್ತು. ಅಬಕಾರಿ ಪರವಾನಗಿಗಳ ಸಾಮಾನ್ಯ ಷರತ್ತುಗಳ ನಿಯಮಾವಳಿಯ 5ನೇ ನಿಯಮದ ಪ್ರಕಾರ ಶಾಲೆ, ಗುಡಿ, ಮಸೀದಿ, ಆಸ್ಪತ್ರೆ, ಸರ್ಕಾರಿ ಕಚೇರಿ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಕೇರಿಗೂ ಈ ರಕ್ಷಣೆ ಇದೆ. ಓದಿದಾಗ ಎಲ್ಲ ಸಲೀಸು ಅನಿಸುತ್ತದೆ. ತಕರಾರು ಹುಟ್ಟುವುದು ಅಳತೆಯಲ್ಲಿ. ಹಕ್ಕಿ ಹಾರಿದಂತೆ ನೇರ ಗೆರೆ ಎಳೆದು ಅಳೆಯುವುದಿಲ್ಲ. ಜನ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ. ಶಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಂತ ಅಂಗಡಿಯೂ, ಬಾಗಿಲಿಂದ ಬಾಗಿಲಿಗೆ ಸುತ್ತುದಾರಿ ಇದ್ದರೆ, ಕಾಗದದ ಮೇಲೆ ನೂರು ಮೀಟರ್ ದಾಟಿಬಿಡುತ್ತದೆ.

ಅಲ್ಲಿ ನಡೆಯುತ್ತಿದ್ದದ್ದೂ ಅದೇ. ನಕ್ಷೆಯಲ್ಲಿ ದೂರ ತೋರಿಸಿದ್ದು ಮುಂದಿನ ದೊಡ್ಡ ಗೇಟಿನಿಂದ. ಆದರೆ ಕೆಳಗಿನ ಓಣಿಯ ಮಕ್ಕಳೆಲ್ಲ ಬರುವುದು ಹಿಂದಿನ ಚಿಕ್ಕ ಗೇಟಿನಿಂದ. ಇದು ಕಣ್ಣಿಗೆ ಬಿದ್ದದ್ದು ನನಗಲ್ಲ, ಬಿಸಿಯೂಟ ಮಾಡುವ ಹೆಣ್ಣುಮಗಳಿಗೆ. "ನಾ ದಿನಾ ಬರೋದ ಅದ ಗೇಟಿನಾಗ್ರಿ" ಎಂದಳು. ಆಮೇಲೆ ಕೆಲಸ ಚುರುಕಾಯಿತು. ಚಿಕ್ಕ ಗೇಟು ದಿನವೂ ತೆರೆದಿರುತ್ತದೆ ಎಂದು ಮುಖ್ಯೋಪಾಧ್ಯಾಯರಿಂದ ಪತ್ರ, ಎಸ್‌ಡಿಎಂಸಿಯಿಂದ ಠರಾವು, ಟೇಪು ಹಿಡಿದು ಅಳೆದ ನಕ್ಷೆ, ಮಕ್ಕಳು ಬರುವ ಹೊತ್ತಿನ ಫೋಟೊ, ಇಷ್ಟನ್ನೂ ಅರ್ಜಿಗೆ ಲಗತ್ತಿಸಿದೆವು. ಜೊತೆಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಪರವಾನಗಿಯ ಪ್ರತಿ, ಕಟ್ಟಡದ ಚಕ್ಕುಬಂದಿ, ಇನ್‌ಸ್ಪೆಕ್ಟರರ ಸ್ಥಳ ವರದಿ ಕೇಳಿದೆವು. ಕರ್ನಾಟಕದಲ್ಲಿ ಈ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಅಬಕಾರಿ ಉಪ ಆಯುಕ್ತರ ಕಚೇರಿಗೂ ಜಿಲ್ಲಾಧಿಕಾರಿಯವರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು.

ಮತ್ತೆ ಅಳತೆಯಾಯಿತು. ಆ ಜಾಗದಲ್ಲಿ ಅಂಗಡಿ ತೆರೆಯಲಿಲ್ಲ. ಹೆಂಗಸರು ಗುಡಿಗೆ ಹೋಗಿ ಕಾಯಿ ಒಡೆಸಿದರು. ಆದರೆ ಪರವಾನಗಿ ರದ್ದಾಗಲಿಲ್ಲ, ಅದು ಬೇರೊಂದು ಜಾಗ ಹುಡುಕಿಕೊಂಡಿತು. ದೂರದ ನಿಯಮದಿಂದ ಗೆದ್ದವರು ಅಂಗಡಿಯನ್ನು ಇನ್ನೊಬ್ಬರ ಓಣಿಯತ್ತ ಸರಿಸಿರುತ್ತಾರೆ ಅಷ್ಟೆ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ರಾಜ್ಯದ ಮಟ್ಟದಲ್ಲೂ ಹೀಗೇ ಆಗಿದ್ದನ್ನು ಕಂಡಿದ್ದೇವೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2017ರ ಮಾರ್ಚ್‌ನಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು. ಅದೇ ಜುಲೈನಲ್ಲಿ, ನಗರಸಭೆ ಪುರಸಭೆಗಳ ವ್ಯಾಪ್ತಿಗೆ ಈ ಆದೇಶ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ಅಪಘಾತ ತಪ್ಪಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ರಸ್ತೆ ಬದಿಯಿಂದ ಎಬ್ಬಿಸಿದ ಅಂಗಡಿ ಊರ ಒಳಗೆ ಬಂದು ಕೂತರೆ, ಅಲ್ಲಿನ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಬೇಕೆಂದು ಯಾವ ಆದೇಶವೂ ಹೇಳಲಿಲ್ಲ.

ಪರವಾನಗಿ ಇರುವ ಅಂಗಡಿಗಿಂತ ಹೆಚ್ಚು ಮನೆ ಮುರಿಯುವುದು ಪರವಾನಗಿ ಇಲ್ಲದ ಮಾರಾಟ ಎಂಬುದು ನನ್ನ ಖಚಿತ ಅಭಿಪ್ರಾಯ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ಪೌಚು, ಟೆಟ್ರಾ ಪ್ಯಾಕು ಬಂದವು. ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ, ಚಹಾದಂಗಡಿಯ ಹಿಂದೆ ಇವು ಎಂಆರ್‌ಪಿಗಿಂತ ಹೆಚ್ಚಿನ ಬೆಲೆಗೆ ಸಿಗುತ್ತವೆ, ಬೆಳಗಿನ ಜಾವವೂ ಸಿಗುತ್ತವೆ, ಉದ್ರಿಯಲ್ಲೂ ಸಿಗುತ್ತವೆ. ಅಬಕಾರಿ ಕಾಯ್ದೆಯ ಕಲಂ 32, 34ರಲ್ಲಿ ಕೇಸು ಬೀಳುವುದು ಈ ಚಿಲ್ಲರೆ ಮಾರಾಟಗಾರನ ಮೇಲೆ. ಅವನ ಕೈಗೆ ಪೆಟ್ಟಿಗೆಗಟ್ಟಲೆ ಮಾಲು ಕೊಟ್ಟವರು ಯಾರು? ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ 2003ರಿಂದ ಪಾನೀಯ ನಿಗಮದ ಕೈಯಲ್ಲಿದೆ, ಪ್ರತಿ ಅಂಗಡಿ ಎತ್ತಿದ ಮಾಲಿಗೆ ಲೆಕ್ಕವಿದೆ. ಮನಸ್ಸು ಮಾಡಿದರೆ ಮೂಲ ಹುಡುಕುವುದು ಕಷ್ಟವಲ್ಲ. ಪರವಾನಗಿ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಕಲಂ 29ರಲ್ಲಿ ಇದೆ. ದೂರು ಕೊಡುವವರು ಮಾರಿದವನ ಹೆಸರಿನ ಜೊತೆಗೆ "ಮಾಲು ಬಂದ ಅಂಗಡಿಯ ಮೇಲೂ ಕ್ರಮ ಆಗಬೇಕು" ಎಂಬ ಸಾಲನ್ನು ತಪ್ಪದೆ ಸೇರಿಸಬೇಕು.

ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ನಮ್ಮ ರಾಜ್ಯದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ. ಹಕ್ಕಲ್ಲದ ವ್ಯಾಪಾರಕ್ಕೆ ಅನುಮತಿ ಕೊಡುವಾಗ ಅದರ ಫಲ ಉಣ್ಣುವ ಊರಿಗೆ ಮಾತೇ ಇಲ್ಲ ಎಂದರೆ ಹೇಗೆ? ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಡವೆಂದರೆ ಅಂಗಡಿ ಮುಚ್ಚಬೇಕು. ಅದಕ್ಕಾಗಿ ಮತದಾನವೇ ನಡೆಯುತ್ತದೆ, ಚೀಟಿಯಲ್ಲಿ ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿಯ ಗುರುತು. ಇಲ್ಲಿಯೂ ಗ್ರಾಮಸಭೆಗೆ ಅಂಥ ಅಧಿಕಾರ ಬೇಕೆಂಬುದು ಮದ್ಯ ನಿಷೇಧ ಆಂದೋಲನದ ಬೇಡಿಕೆ. ಅದಕ್ಕಾಗಿ 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. 5ನೇ ನಿಯಮಕ್ಕೆ ಗ್ರಾಮಸಭೆಯ ಒಪ್ಪಿಗೆ ಎಂಬ ಒಂದು ಸಾಲು ಸೇರಿಸಲೇಬೇಕು.

ಆ ಸಾಲು ಬರುವವರೆಗೆ ಇರುವ ನಿಯಮವನ್ನೇ ಗಟ್ಟಿಯಾಗಿ ಹಿಡಿಯೋಣ. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಪರವಾನಗಿಗಳು ಪ್ರತಿ ವರ್ಷ ನವೀಕರಣವಾಗಬೇಕು. ನಿಮ್ಮೂರಿನ ಅಂಗಡಿಯ ಬಗ್ಗೆ ತಕರಾರಿದ್ದರೆ ಮೇ ತಿಂಗಳಲ್ಲೇ ದಾರಿ ಅಳೆದು, ನಕ್ಷೆ ಬರೆದು, ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಬೀಳದೆ ಕಚೇರಿಯಿಂದ ಹೊರಗೆ ಬರಬೇಡಿ.