ದರ ಕಂಪ್ಯೂಟರಿನಲ್ಲಿ, ದುಡ್ಡು ಅಡತ್ ಅಂಗಡಿಯಲ್ಲಿ

ಪ್ರಶ್ನೆ: ತೊಗರಿ ಒಯ್ದರೆ ಎಪಿಎಂಸಿಯಲ್ಲಿ ಈಗ ಕಂಪ್ಯೂಟರ್ ಮೇಲೆ ಟೆಂಡರ್ ಆಗುತ್ತದೆ. ದುಡ್ಡು ಮಾತ್ರ ಅಡತ್ ಅಂಗಡಿಯವರು ಹೇಳಿದ ದಿನವೇ ಬರಬೇಕು. ಆನ್‌ಲೈನ್ ಹರಾಜಿಗೂ ಫೋನ್‌ಪೇಯಂಥ ಸೇವೆಗೂ ಸಂಬಂಧವೇ ಇಲ್ಲವೇ?
– ಓದುಗರೊಬ್ಬರು, ಶಿರವಾಳ, ಶಹಾಪುರ ತಾಲ್ಲೂಕು

ಉತ್ತರ: ಸಂಬಂಧ ಇದೆ, ಬಹಳ ಹತ್ತಿರದ್ದು. ಹರಾಜು ದರ ಗೊತ್ತುಮಾಡುತ್ತದೆ, ಅಷ್ಟೇ. ಆ ದರದ ಹಣ ಕೈಸೇರುವುದು ಬೇರೆಯೇ ಕೆಲಸ. ಕೊಳ್ಳುವವರ ಮುಖವನ್ನೇ ಕಾಣದ ವ್ಯಾಪಾರದಲ್ಲಿ ಇದೇ ಹೆಚ್ಚು ಕಷ್ಟದ್ದು.

ಅಮೆರಿಕದಲ್ಲಿ 1995ರಲ್ಲಿ ಶುರುವಾದ ಹರಾಜು ತಾಣ ಈಬೇ ಈ ಕಷ್ಟವನ್ನು ಮೊದಲು ಉಂಡಿತು. ಗೆದ್ದವರು ಅಂಚೆಯಲ್ಲಿ ಚೆಕ್ ಕಳಿಸಬೇಕು, ಅದು ಪಾಸಾಗುವವರೆಗೆ ಮಾರಿದವರು ಸಾಮಾನು ಹಿಡಿದು ಕಾಯಬೇಕು. ಇಮೇಲ್ ಮೂಲಕ ಹಣ ಕಳಿಸುವ ಪೇಪಾಲ್ ಬಂದಾಗ ಮಾರುವವರೆಲ್ಲ ಅದಕ್ಕೇ ಮುಗಿಬಿದ್ದರು. ಈಬೇ ತನ್ನದೇ ಬಿಲ್‌ಪಾಯಿಂಟ್ ಸೇವೆಯನ್ನು ಮುಂದೆ ಮಾಡಿದರೂ ಜನ ಒಪ್ಪಲಿಲ್ಲ. ಕೊನೆಗೆ 2002ರಲ್ಲಿ ಸುಮಾರು 150 ಕೋಟಿ ಡಾಲರಿಗೆ ಪೇಪಾಲನ್ನೇ ಕೊಂಡುಕೊಂಡಿತು. 2015ರಲ್ಲಿ ಎರಡೂ ಬೇರೆಯಾದವು. ನಮ್ಮ ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಮಾರಾಟದ ತಾಣ ಫ್ಲಿಪ್‌ಕಾರ್ಟ್ 2016ರಲ್ಲಿ ಫೋನ್‌ಪೇಯನ್ನು ಕೊಂಡಿತು, 2022ರಲ್ಲಿ ಎರಡೂ ಪೂರ್ತಿ ಬೇರ್ಪಟ್ಟವು.

ಈಗ ನಿಮ್ಮ ತೊಗರಿಗೆ ಬರೋಣ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದದ್ದು 2014ರಲ್ಲಿ, ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್‌ಗಿಂತ ಎರಡು ವರ್ಷ ಮೊದಲು. ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ದರ ಹಾಕುತ್ತಾರೆ. ಹೊತ್ತು ಮುಗಿದ ಮೇಲೆ ಎಲ್ಲಕ್ಕಿಂತ ಹೆಚ್ಚಿನ ದರ ಪ್ರಕಟವಾಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಎನ್ನುವ ಹಕ್ಕು ನಿಮ್ಮದು. ಹಣವನ್ನು ನೇರ ರೈತರ ಖಾತೆಗೆ ಹಾಕುವ ವ್ಯವಸ್ಥೆಯೂ ಈ ಯೋಜನೆಯ ಭಾಗವೇ. ಆದರೆ ಟೆಂಡರ್ ಹಿಡಿದಷ್ಟು ಬೇಗ ಅದು ಬೇರು ಹಿಡಿಯಲಿಲ್ಲ.

ಕಾರಣ ಉದ್ರಿ. ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರಕ್ಕೆ, ನಡುವೆ ಮದುವೆಗೆ, ದವಾಖಾನೆಗೆ ದುಡ್ಡು ಕೊಟ್ಟವರು ಅಡತ್ ಅಂಗಡಿಯವರು. ಅತ್ತ ಖರೀದಿದಾರರಿಗೂ ಅವರದೇ ಉದ್ರಿ: ವ್ಯಾಪಾರಿ ಹಣ ಕೊಡುವ ಮೊದಲೇ ಎಷ್ಟೋ ಸಲ ತಮ್ಮ ಕೈಯಿಂದ ರೈತರಿಗೆ ಕೊಟ್ಟಿರುತ್ತಾರೆ. ಹಣ ನೇರ ಬ್ಯಾಂಕಿಗೆ ಹೋದರೆ ಅವರ ವಸೂಲಿಯ ದಾರಿ ಮುಚ್ಚುತ್ತದೆ. ಬೆಳೆಸಾಲಕ್ಕೆ ಬ್ಯಾಂಕಿನವರು ಮುರಿದುಕೊಂಡಾರು ಎಂಬ ಅಂಜಿಕೆ ರೈತರಿಗೂ ಇದೆ. ಹಾಗಾಗಿ ಅಡತಿಯವರನ್ನು ಬರೀ ಬೈದರೆ ಪ್ರಯೋಜನವಿಲ್ಲ. ಆದರೂ ನನಗೆ ಸಂಕಟವಾಗುವುದು ಒಂದು ವಿಷಯಕ್ಕೆ. ಸಾಲ ಇರುವ ಅಂಗಡಿಯಲ್ಲಿ ನಿಂತು ‘ಈ ದರಕ್ಕೆ ಕೊಡುವುದಿಲ್ಲ’ ಎನ್ನಲು ಎಷ್ಟು ಜನರಿಗೆ ಧೈರ್ಯ ಬಂದೀತು? ದರ ಹಾಕುವುದು ಕಂಪ್ಯೂಟರಿಗೆ ಹೋಗಿ ಸಾಲ ಖಾತೆಪುಸ್ತಕದಲ್ಲೇ ಉಳಿದರೆ, ಟೆಂಡರಿನ ಲಾಭ ಅರ್ಧಕ್ಕೇ ನಿಲ್ಲುತ್ತದೆ. ಬಿತ್ತನೆಗೆ ಬೇಕಾದ ಸಾಲ ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಹೊತ್ತಿಗೆ ಸರಿಯಾಗಿ ಸಿಗುವವರೆಗೆ ಇದು ಬದಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಫೋನ್‌ಪೇ ವಿಷಯ: ಯುಪಿಐನಲ್ಲಿ ಒಬ್ಬರಿಂದೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿವರೆಗೆ ಕಳಿಸಬಹುದು. ದೊಡ್ಡ ಲಾಟಿನ ಹಣಕ್ಕೆ ಅದು ಸಾಲದು. ನೆಫ್ಟ್ ಅಥವಾ ಆರ್‌ಟಿಜಿಎಸ್ ಕೇಳಿ. ‘ಈಗ ಬ್ಯಾಂಕ್ ಮುಚ್ಚಿದೆ’ ಎಂಬ ಮಾತಿಗೆ ಅರ್ಥವಿಲ್ಲ, ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲುರಾತ್ರಿ ನಡೆಯುತ್ತಿವೆ. ಬಿಳಿ ಚೀಟಿ ತೆಗೆದುಕೊಳ್ಳಬೇಡಿ. ಲಾಟ್ ನಂಬರ್, ತೂಕ, ದರ ಬರೆದ ಅಧಿಕೃತ ಬಿಲ್ಲನ್ನೇ ಪಡೆಯಿರಿ. ಹಣ ತಡವಾದರೆ ಎಪಿಎಂಸಿ ಕಾರ್ಯದರ್ಶಿಗೆ ದೂರು ಕೊಡಲು ಅದೇ ಆಧಾರ. ಇನ್ನು, ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ‘ದುಡ್ಡು ಹಾಕುತ್ತೇನೆ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಕೂಡಲೇ ಫೋನ್ ಇಟ್ಟುಬಿಡಿ.