ಮನೆಯ ಹಿತ್ತಿಲಿನಲ್ಲಿ ಬೀಜದಿಂದ ಆಸ್ಟರ್ ಹೂವನ್ನು ಬೆಳೆಸುವ ಕ್ರಮ

ಆಸ್ಟರ್ ಹೂವಿನ ಗಿಡವು ಮೂಲತಃ ಚೀನಾ ದೇಶದ್ದು. ೧೮ನೆಯ ಶತಮಾನದಲ್ಲಿ ಇದರ ಬೀಜವು ಪ್ಯಾರಿಸ್ ನಗರವನ್ನು ಸೇರಿತು. ಮೊದಲು ಒಂದೇ ಸುತ್ತು ಎಸಳುಗಳಿದ್ದ ಹೂವು ಯೂರೋಪಿನ ತೋಟಗಾರರ ಆರೈಕೆಯಿಂದ ಹಲವು ಸುತ್ತಿನದಾಯಿತು. ಈಗ ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಇದನ್ನು ಹೊಲಗಳಲ್ಲಿ ಬೆಳೆದು ಪೇಟೆಗೆ ಕಳುಹಿಸುತ್ತಾರೆ. ಹಿತ್ತಿಲಿನಲ್ಲಿ ೧೦ ಅಡಿ ಚೌಕದಷ್ಟು ಬಿಸಿಲು ಬೀಳುವ ನೆಲವಿದ್ದರೆ ಮನೆಯ ಪೂಜೆಗೂ ಮುಡಿಯುವುದಕ್ಕೂ ಸಾಕಾಗುವಷ್ಟು ಹೂವು ದೊರೆಯುವುದು.

ಈ ಗಿಡವು ಕನಕಾಂಬರದಂತೆ ವರ್ಷಾನುವರ್ಷ ನಿಲ್ಲುವುದಿಲ್ಲ. ಸೇವಂತಿಗೆಯಂತೆ ಬುಡದ ಕಂದುಗಳಿಂದ ವೃದ್ಧಿಯಾಗುವುದೂ ಇಲ್ಲ. ಹೂಬಿಟ್ಟು, ಬೀಜ ಕಟ್ಟಿ ಒಣಗಿಹೋಗುವುದು. ಆದುದರಿಂದ ಬೆಳೆಯೆಲ್ಲವೂ ಬೀಜವನ್ನೇ ಅವಲಂಬಿಸಿದೆ. ಆ ಬೀಜವೋ ಅಲ್ಪಾಯುಷಿ. ರಾಗಿಯನ್ನು ಹಗೇವಿನಲ್ಲಿಟ್ಟು ವರ್ಷಗಟ್ಟಲೆ ಕಾಪಾಡಬಲ್ಲ ರೈತನು ಆಸ್ಟರ್ ಬೀಜವನ್ನೂ ಹಾಗೆಯೇ ಭಾವಿಸಿ ಗೂಡಿನಲ್ಲಿಟ್ಟರೆ, ಒಂದು ವರ್ಷ ಕಳೆಯುವುದರೊಳಗೆ ಅದರ ಮೊಳೆಯುವ ಶಕ್ತಿಯು ಬಹುಮಟ್ಟಿಗೆ ಕುಂದಿರುವುದು. ನೋಟಕ್ಕೆ ಮಾತ್ರ ಹಳೆಯ ಬೀಜಕ್ಕೂ ಹೊಸದಕ್ಕೂ ಭೇದವೇ ಕಾಣದು. ಅನೇಕರು ಮಣ್ಣನ್ನೂ ಮಳೆಯನ್ನೂ ದೂರುವುದು ಈ ಕಾರಣದಿಂದಲೇ.

ಬಿತ್ತುವುದಕ್ಕೆ ಮುಂಚೆ ಬೀಜವನ್ನು ಪರೀಕ್ಷಿಸತಕ್ಕದ್ದು. ೧೦೦ ಬೀಜಗಳನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಹರವಿ ಸುತ್ತಿ, ತೇವ ಆರದಂತೆ ನೆರಳಿನಲ್ಲಿಟ್ಟು ೧೦ ದಿವಸಗಳ ತರುವಾಯ ಎಣಿಸಿದರೆ ನಿಜವು ಹೊರಬೀಳುವುದು. ೬೦ಕ್ಕೆ ಮೇಲ್ಪಟ್ಟು ಮೊಳೆತಿದ್ದರೆ ಬಿತ್ತಬಹುದು. ೪೦ಕ್ಕೂ ಕಡಿಮೆಯಾದರೆ ಆ ಬೀಜವನ್ನು ಬಿಟ್ಟು ಬೇರೆಯದನ್ನು ತರುವುದೇ ಲೇಸು. ಅರ್ಧ ಗ್ರಾಂ ತೂಕಕ್ಕೆ ಸುಮಾರು ೨೦೦ ಬೀಜಗಳು ಬರುವುದರಿಂದ, ಮೇಲೆ ಹೇಳಿದ ಮಡಿಯ ೧೦೦ ಸಸಿಗಳಿಗೆ ಒಳ್ಳೆಯ ಬೀಜ ಅಷ್ಟೇ ಸಾಕು.

ಬಿತ್ತನೆಯಿಂದ ಹೂವಿಗೆ ಸುಮಾರು ೪ ತಿಂಗಳು ಹಿಡಿಯುವುದು. ದಸರೆಗೆ ಹೂವು ಬೇಕೆನ್ನುವವರು ಹಬ್ಬದಿಂದ ಹಿಂದಕ್ಕೆ ಅಷ್ಟು ಎಣಿಸಿ, ಪರೀಕ್ಷೆಯ ೧೦ ದಿವಸಗಳನ್ನೂ ಸೇರಿಸಿಕೊಳ್ಳಬೇಕು. ಮೊಳೆಯದ ಬೀಜದಿಂದ ೧೫ ದಿವಸ ಕಳೆದವನಿಗೆ ಹಬ್ಬವು ಕಾಯುವುದಿಲ್ಲ.

ಒಟ್ಲು ಪಾತಿಯು ನೆಲದಿಂದ ಅರ್ಧ ಅಡಿ ಎತ್ತರವಿರಲಿ. ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ, ಗೀರುಗಳಲ್ಲಿ ತೆಳುವಾಗಿ ಬಿತ್ತಿ, ಕಾಲು ಅಂಗುಲಕ್ಕೆ ಮೀರದಂತೆ ಮಣ್ಣು ಮುಚ್ಚತಕ್ಕದ್ದು. ಒತ್ತಾಗಿ ಬಿತ್ತಿ ನೀರನ್ನು ಅತಿಯಾಗಿ ಕೊಟ್ಟರೆ ಸಸಿಗಳು ಬುಡ ಕೊಳೆತು ಗುಂಪುಗುಂಪಾಗಿ ಒರಗುವುವು. ೪-೫ ವಾರಗಳಲ್ಲಿ ಸಸಿಗಳನ್ನು ಕಿತ್ತು ಒಂದೊಂದು ಅಡಿ ಅಂತರದಲ್ಲಿ ಸಾಯಂಕಾಲ ನಾಟಿಮಾಡಬೇಕು. ಬೇರು ಮೇಲುಮೇಲೆ ಹಬ್ಬುವುದರಿಂದ ಆಳವಾಗಿ ಅಗೆಯಕೂಡದು. ನೆಲ ಒಣಗಲೂ ಬಿಡಬಾರದು.

ಸೊರಗು ರೋಗವು ಈ ಗಿಡಕ್ಕೆ ದೊಡ್ಡ ಶತ್ರು. ಗಿಡವು ಒಂದು ಪಕ್ಕದಲ್ಲಿ ಹಳದಿಯಾಗಿ, ನೀರಿದ್ದರೂ ಬಾಡಿ ಸಾಯುವುದು. ರೋಗದ ಬೂಷ್ಟು ಮಣ್ಣಿನಲ್ಲಿ ಅನೇಕ ವರ್ಷ ಉಳಿಯುವುದಲ್ಲದೆ ಬೀಜದೊಡನೆಯೂ ಸಾಗಿಹೋಗುವುದು. ಅಂತಹ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕೇ ಹೊರತು ತಿಪ್ಪೆಗೆ ಹಾಕಕೂಡದು. ಆ ಮಡಿಯಲ್ಲಿ ಕೆಲವು ವರ್ಷ ಆಸ್ಟರ್ ಬೆಳೆಯದೆ ಬೇರೆ ಪೈರಿಡಬೇಕು. ಅಲ್ಲಿಂದ ಬೀಜವನ್ನಂತೂ ತೆಗೆಯಲೇಬಾರದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಮಿನಿ, ಪೂರ್ಣಿಮಾ, ಶಶಾಂಕ್ ಮೊದಲಾದ ತಳಿಗಳನ್ನು ಸಿದ್ಧಪಡಿಸಿದ್ದಾರೆ; ಕಾಮಿನಿಯ ಹೂವು ಗುಲಾಬಿ ಬಣ್ಣದ್ದು, ಪೂರ್ಣಿಮಾ ಬಿಳಿಯದು. ಒಂದು ವರ್ಷ ಇಂತಹ ಬೀಜವನ್ನು ಕೊಂಡವರು ಮರುವರ್ಷಕ್ಕೆ ತಾವೇ ಬೀಜ ಮಾಡಿಕೊಳ್ಳಬಹುದು. ಇಲ್ಲಿ ಒಂದು ತಪ್ಪು ಸಾಮಾನ್ಯ: ಉತ್ತಮ ಹೂಗಳನ್ನೆಲ್ಲ ಕೊಯ್ದು, ಕೊನೆಗೆ ಉಳಿದ ಕುಗ್ಗುಹೂಗಳನ್ನು ಬೀಜಕ್ಕೆ ಬಿಡುವುದು. ಮನೆಯ ಹೆಂಗಸರು ಒಪ್ಪದಿದ್ದರೂ, ದೃಢವಾದ ಐದಾರು ಗಿಡಗಳಿಗೆ ಮೊದಲೇ ದಾರ ಕಟ್ಟಿ, ಅವುಗಳ ಮೊದಲ ಹೂಗಳನ್ನು ಮುಟ್ಟದೆ ಬಿಡತಕ್ಕದ್ದು. ಒಂದೇ ಸುತ್ತಿನ ಹೂವಿನ ಗಿಡವು ನಡುವೆ ಕಂಡರೆ ಕೂಡಲೇ ಕೀಳಬೇಕು. ಜೇನ್ನೊಣಗಳು ಅದರ ಪರಾಗವನ್ನು ಒಯ್ದು ತಳಿ ಕೆಡಿಸಬಹುದು.

ಎಸಳು ಒಣಗಿ ನಡುವೆ ಬಿಳಿಯ ನವಿರು ಕಂಡಾಗ, ಮಳೆಯಿಲ್ಲದ ದಿವಸ ತಲೆಗಳನ್ನು ಕೊಯ್ದು ನೆರಳಿನಲ್ಲಿ ಒಣಗಿಸಿ ಉಜ್ಜಿ ತೂರಬೇಕು. ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯೊಡನೆ ಬಿಗಿಮುಚ್ಚಳದ ಸೀಸೆಯಲ್ಲಿಟ್ಟರೆ ತೇವ ತಾಗದು. ಪೊಟ್ಟಣದ ಮೇಲೆ ಬಣ್ಣವನ್ನೂ ಕೊಯ್ದ ತಿಂಗಳು, ವರ್ಷಗಳನ್ನೂ ಬರೆದಿಡತಕ್ಕದ್ದು.