ಕುದಿಸಿದ ನೀರೂ ಕರಗಿದ ಆಮ್ಲವೂ

ಪ್ರಶ್ನೆ: ಕುರ್ಕುಂಭ್ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಮೀಪ ನಮ್ಮ ಮನೆ. ಬಾವಿಯ ನೀರು ಹಳದಿಯಾಗಿ, ಔಷಧದ ವಾಸನೆ ಬರುತ್ತದೆ. ಟಿಡಿಎಸ್ ಮೀಟರು 300 ತೋರಿಸುತ್ತದೆ, ಕುದಿಸಿಯೇ ಕುಡಿಯುತ್ತೇವೆ. ಆದರೂ ಮಕ್ಕಳಿಗೆ ಆಗಾಗ ಹೊಟ್ಟೆನೋವು. ಕುದಿಸುವುದು ಸಾಲದೇ?

ಉತ್ತರ: ಸಾಲದು. ಕುದಿಸಿದ ನೀರೆಲ್ಲವೂ ಶುದ್ಧವೆಂಬ ನಂಬಿಕೆಯು ನಮ್ಮಲ್ಲಿ ಎಷ್ಟು ಬಲವಾಗಿ ಬೇರೂರಿರುವುದೆಂದರೆ, ಮೂಗಿಗೆ ತಾನಾಗಿಯೇ ತಿಳಿಯುವ ದೋಷವನ್ನೂ ವಿದ್ಯಾವಂತರು ಒಲೆಯ ಮೇಲಿಟ್ಟು ಮರೆಯುತ್ತಾರೆ. ಕಾಲರಾ, ವಿಷಮಶೀತಜ್ವರಗಳ ಕ್ರಿಮಿಗಳು ಕುದಿತದಿಂದ ಸಾಯುವುದು ನಿಜ. ಆದರೆ ಕಾರ್ಖಾನೆಯ ತ್ಯಾಜ್ಯದೊಡನೆ ಬಂದ ಸಾವಯವ ಆಮ್ಲಗಳು ಲವಣರೂಪದಲ್ಲಿ ಕರಗಿರುವಾಗ ಆವಿಯಾಗಿ ಹೋಗುವುದು ನೀರೇ ಹೊರತು ಅವಲ್ಲ, ಆದಕಾರಣ ಪಾತ್ರೆಯಲ್ಲಿ ಉಳಿದುದು ಮೊದಲಿಗಿಂತ ಗಾಢವೇ ಆಗಿರುತ್ತದೆ. ಇನ್ನು ಮೀಟರು! ವಿದ್ಯುದ್ವಾಹಕತೆಯನ್ನಳೆದು ಒಟ್ಟು ಲವಣವನ್ನು ಅಂದಾಜು ಮಾಡುವ ಈ ಸಾಧನಕ್ಕೆ, ಇಂಥ ವಾಸನೆಗೆ ಕಾರಣವಾಗಬಲ್ಲ ಫೀನಾಲು ಅಲ್ಪಪ್ರಮಾಣದಲ್ಲಿದ್ದರೆ ಗೋಚರಿಸದು. ಕುಡಿಯುವ ನೀರಿನ ಭಾರತೀಯ ಮಾನಕವಾದ ‘ಐಎಸ್ 10500’ ಒಂದು ಲೀಟರು ನೀರಿನಲ್ಲಿ 500 ಮಿಲಿಗ್ರಾಂ ಕರಗಿದ ಘನಪದಾರ್ಥವನ್ನು ಒಪ್ಪುತ್ತದೆ, ಫೀನಾಲಿಕ್ ಸಂಯುಕ್ತಗಳನ್ನು ಬರಿಯ 0.001 ಮಿಲಿಗ್ರಾಂ.

ಆ ನೀರನ್ನು ಕುಡಿಯುವುದನ್ನು ಇಂದೇ ಬಿಡಿ. ಸ್ವಚ್ಛವಾದ ಗಾಜಿನ ಸೀಸೆಯಲ್ಲಿ (ಪ್ಲಾಸ್ಟಿಕ್ ಬೇಡ) ಕಂಠದವರೆಗೆ ತುಂಬಿ, ಮಂಜುಗಡ್ಡೆಯ ನಡುವೆ ಇಟ್ಟು, ಅಂದೇ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮುಟ್ಟಿಸಿ, ಪಿಎಚ್, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ), ಫೀನಾಲ್, ಖನಿಜತೈಲಗಳ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಿರಿ. ಮಕ್ಕಳ ಮಲಪರೀಕ್ಷೆಯೂ, ಯಕೃತ್ತು ಮತ್ತು ಮೂತ್ರಪಿಂಡಗಳ ರಕ್ತಪರೀಕ್ಷೆಯೂ ಆಗಲಿ. ಹೊಟ್ಟೆನೋವು ಕೇವಲ ಜಂತುವಿನದಿರಬಹುದು, ಗಾಬರಿ ಬೇಡ.

ಪ್ರಶ್ನೆ: ಮಗ ಕೆನಡಾದ ಆಲ್ಬರ್ಟಾದಲ್ಲಿ ತೈಲಮರಳಿನ ಗಣಿಯ ತ್ಯಾಜ್ಯಜಲವನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಅದರಲ್ಲಿ ವಿಷವಿದೆಯೆಂದು ಕೇಳಿ ನಿದ್ದೆಯಿಲ್ಲ. (ಕೋಥರೂಡಿನ ತಾಯಿ)

ಉತ್ತರ: ಅಮ್ಮಾ, ಅಲ್ಲಿಯ ಅಥಾಬಾಸ್ಕಾದ ತೈಲಮರಳಿನಿಂದ ಬಿಸಿನೀರಿನ ಸಹಾಯದಿಂದ ಬಿಟುಮೆನ್ ತೆಗೆಯುವಾಗ ನಾಫ್ಥೆನಿಕ್ ಆಮ್ಲಗಳು ನೀರಿಗಿಳಿಯುತ್ತವೆ, ಅವು ಮೀನುಗಳಿಗೆ ಮಾರಕವೆಂಬುದು ಸತ್ಯ. ಆದರೆ ನಿಮ್ಮ ಮಗನು ಅದನ್ನು ಕುಡಿಯುತ್ತಿಲ್ಲವಷ್ಟೆ. ಇಂಥ ಪ್ರಯೋಗಾಲಯಗಳಲ್ಲಿ ನೀರಿಗೆ ಖನಿಜಾಮ್ಲ ಬೆರೆಸಿ, ಡೈಕ್ಲೋರೋಮೀಥೇನ್ ಎಂಬ ದ್ರಾವಕದಿಂದ ಆ ಆಮ್ಲಗಳನ್ನು ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಣುಗಳನ್ನು ತೂಗುವುದು ರೂಢಿ. ನನಗೆ ಚಿಂತೆ ಆ ದ್ರಾವಕದ್ದೇ: ಅದರ ಆವಿಯನ್ನು ಉಸಿರಾಡಿದರೆ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಉತ್ಪನ್ನವಾಗುತ್ತದೆ. ಆವಿಯನ್ನು ಹೊರಸೆಳೆಯುವ ಗೂಡಿನೊಳಗೇ ಕೆಲಸ ಮಾಡುವನೇ ಎಂದು ವಿಚಾರಿಸಿ. ಸಂಜೆಗೆ ತಲೆನೋವು, ತಲೆಸುತ್ತು ಬರುವಂತಿದ್ದರೆ ಅಲ್ಲಿಯ ವೈದ್ಯರಿಂದ ಅಂದೇ ಕಾರ್ಬಾಕ್ಸಿಹೀಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲಿ.

ಪ್ರಶ್ನೆ: ಏಕಾದಶಿಯಂದು ಆಳಂದಿಯಲ್ಲಿ ಇಂದ್ರಾಯಣಿ ನದಿಯ ನೊರೆಯ ನಡುವೆ ಮಿಂದೆ. ಮೈಯೆಲ್ಲ ತುರಿಕೆ. ನನಗೆ ಮಧುಮೇಹವಿದೆ.

ಉತ್ತರ: ಮಾರ್ಜಕಗಳೂ ಕಾರ್ಖಾನೆಯ ತ್ಯಾಜ್ಯವೂ ಎಬ್ಬಿಸಿದ ನೊರೆಯದು, ಮೀಯುವ ಬದಲು ದಡದಿಂದ ನಮಸ್ಕರಿಸಿದರೂ ಭಕ್ತಿಗೆ ಕುಂದಿಲ್ಲ. ಶುದ್ಧ ನೀರಿನಿಂದ ಸ್ನಾನಮಾಡಿ ಕೊಬ್ಬರಿ ಎಣ್ಣೆ ಸವರಿರಿ. ಮಧುಮೇಹವಿರುವುದರಿಂದ, ಕಾಲ್ಬೆರಳುಗಳ ಸಂದಿಯಲ್ಲಿ ಬಿರುಕಿದ್ದರೆ ಮುಲಾಮಿಗಾಗಿ ಔಷಧದಂಗಡಿಗೆ ಓಡದೆ, ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಂಡು ನಾಳೆಯೇ ವೈದ್ಯರಿಗೆ ಕಾಲನ್ನು ತೋರಿಸಿ.